ಕೂತಿದ್ದಾಗಲೇ ತುಂಡಾದ ಕೊಕ್ಕೆ: ಟೆನ್ಷನ್ ಸ್ಪ್ರಿಂಗೋ, ಡ್ರಾಬಾರ್ ಸ್ಪ್ರಿಂಗೋ?

ಪ್ರಶ್ನೆ

ಸರ್, ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ ಜೊತೆಗೆ ಮೂರು ವರ್ಷದಿಂದ ಮನೆಗೆ ಹಾಕುವ ತೂಗುಕುರ್ಚಿ ಮಾಡುತ್ತಿದ್ದೇನೆ. ಮೇಲಿನ ಹುಕ್ಕಿಗೂ ಕುರ್ಚಿಗೂ ನಡುವೆ ಒಂದು ಟೆನ್ಷನ್ ಸ್ಪ್ರಿಂಗ್ (ಎಳೆದರೆ ಹಿಗ್ಗುವ ಸ್ಪ್ರಿಂಗ್) ಹಾಕುತ್ತೇನೆ. 5 ಮಿ.ಮೀ. ತಂತಿ, ಹೊರವ್ಯಾಸ 40 ಮಿ.ಮೀ., 15 ಸುತ್ತು, ಎರಡೂ ತುದಿಗೆ ಕೊಕ್ಕೆ. ಹೊಳಪಿಗೆ ಝಿಂಕ್ ಪ್ಲೇಟಿಂಗ್ ಮಾಡಿಸುತ್ತೇನೆ. ಇದುವರೆಗೆ ನೂರು ಕುರ್ಚಿಯಾದರೂ ಹೋಗಿವೆ.

ಈ ಎರಡು ತಿಂಗಳಲ್ಲಿ ಎರಡು ಸ್ಪ್ರಿಂಗ್ ತುಂಡಾದವು. ಒಂದು ಮನೆಯಲ್ಲಿ 85 ಕೆಜಿ ತೂಕದ ಹಿರಿಯರೊಬ್ಬರು ಕೂತಿದ್ದಾಗಲೇ ಕಿತ್ತುಬಂದು ಸೊಂಟಕ್ಕೆ ಪೆಟ್ಟಾಯಿತು. ಇನ್ನೊಂದು ಕಡೆ ಕುರ್ಚಿ ಹಾಕಿದ ಮೂರನೇ ದಿನ ರಾತ್ರಿ, ಯಾರೂ ಕೂತಿಲ್ಲದಾಗ ತಾನಾಗಿ ಬಿತ್ತು. ಎರಡೂ ಮುರಿದಿದ್ದು ಕೊಕ್ಕೆಯ ಬುಡದಲ್ಲೇ. ಬೇರೆ ಕೆಲವು ಮನೆಗಳಲ್ಲಿ ಕೊಕ್ಕೆ ಸ್ವಲ್ಪ ಬಾಯಿ ಬಿಟ್ಟಿದೆ. ಇನ್ನೊಂದು ವಿಷಯ, ಇಬ್ಬರು ಸಪ್ಲೈಯರ್ ಹತ್ತಿರ ಒಂದೇ ಅಳತೆ ಕೊಟ್ಟರೂ ಒಬ್ಬರ ಸ್ಪ್ರಿಂಗ್ 10 ಕೆಜಿಗೇ ಬಿಚ್ಚಿಕೊಳ್ಳುತ್ತದೆ, ಇನ್ನೊಬ್ಬರದು 20 ಕೆಜಿ ಹಾಕಿದರೂ ಅಲುಗುವುದಿಲ್ಲ.

ಟೆಂಪರ್ (ಉಕ್ಕನ್ನು ಕಾಯಿಸಿ ಕೊಡುವ ಹದ) ಸರಿಯಾಗಿಲ್ಲ ಅಂತ ಒಬ್ಬರು, 7 ಮಿ.ಮೀ. ತಂತಿ ಹಾಕು ಅಂತ ಪಕ್ಕದ ಲೇತ್ ಶಾಪಿನವರು. ಮಾರಾಟಕ್ಕೆ ಬಂದವನೊಬ್ಬ ಡ್ರಾಬಾರ್ ಸ್ಪ್ರಿಂಗ್ ತೋರಿಸಿ ‘ಇದು ಜನ್ಮದಲ್ಲಿ ಮುರಿಯಲ್ಲ’ ಎಂದ. ಬೆಲೆ ಜಾಸ್ತಿ. ಯಾವುದು ನಿಜ? ಮಾರಿಬಿಟ್ಟಿರುವ ಕುರ್ಚಿಗಳಿಗೆ ಏನು ಮಾಡಲಿ? ನನ್ನ ಸಣ್ಣ ಪವರ್ ಪ್ರೆಸ್ಸಿನ ಪೆಡಲಿಗೂ ಟೆನ್ಷನ್ ಸ್ಪ್ರಿಂಗೇ ಇದೆ. ಅದನ್ನೂ ಬದಲಿಸಬೇಕಾ?

ಉತ್ತರ

ಮೊದಲು ಮಾರಿಬಿಟ್ಟ ಕುರ್ಚಿಗಳ ಮಾತು. ಅದು ನಾಳೆಗೆ ಇಡುವ ಕೆಲಸ ಅಲ್ಲ. ಇವತ್ತೇ ಪ್ರತಿಯೊಬ್ಬ ಗಿರಾಕಿಗೂ ಫೋನ್ ಮಾಡಿ, ನಾನು ಬಂದು ನೋಡುವವರೆಗೆ ಯಾರೂ ಕೂರಬೇಡಿ ಎಂದು ಹೇಳಿ. ಹೆಸರು ಕೆಡುತ್ತದೆ ಎಂಬ ಅಳುಕು ನಿಮಗಿರಬಹುದು, ಅದು ಸಹಜ. ಆದರೆ ಮೂರನೇ ಸ್ಪ್ರಿಂಗ್ ಮುರಿದಾಗ ಕುರ್ಚಿಯಲ್ಲಿ ಬಸುರಿ ಹೆಂಗಸೋ, ಮೊಮ್ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ ಅಜ್ಜಿಯೋ ಇದ್ದರೆ? ಹೋಗಿ ಏನು ಮಾಡಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ. ಕಾರಣ ಗೊತ್ತಿಲ್ಲದೆ ಮಾಡಿದ ರಿಪೇರಿ ಇನ್ನೊಂದು ಎಡವಟ್ಟಿಗೆ ದಾರಿ, ಹಾಗಾಗಿ ಮೊದಲು ಕಾರಣ ನೋಡೋಣ.

ನಾನು ಪೀಣ್ಯದಲ್ಲಿ ಸ್ಪ್ರಿಂಗ್ ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷದ ಮೇಲಾಯಿತು. ಮುರಿದ ಟೆನ್ಷನ್ ಸ್ಪ್ರಿಂಗ್ ಯಾರಾದರೂ ತಂದರೆ ಪೊಟ್ಟಣ ಬಿಚ್ಚುವ ಮೊದಲೇ ‘ಕೊಕ್ಕೆ ಹೋಗಿದೆಯಾ?’ ಅಂತ ಕೇಳುವುದು ಅಭ್ಯಾಸವಾಗಿದೆ. ಹೆಚ್ಚಿನ ಸಲ ಹೌದು ಅಂತಲೇ ಉತ್ತರ. ಹಾಗಾಗಿ ನಿಮ್ಮ ಎರಡೂ ಸ್ಪ್ರಿಂಗ್ ಕೊಕ್ಕೆಯ ಬುಡದಲ್ಲಿ ಹೋದದ್ದು ಆಶ್ಚರ್ಯ ಅಲ್ಲ. ಆದರೆ ನೀವು ಬರೆದಿರುವುದನ್ನು ನೋಡಿದರೆ ಎರಡೂ ಒಂದೇ ಕಾಯಿಲೆ ಅಲ್ಲ. ಕೂತಾಗ ಮುರಿದದ್ದು ಒಂದು, ರಾತ್ರಿ ತಾನಾಗಿ ಬಿದ್ದದ್ದು ಇನ್ನೊಂದು.

ಸ್ಪ್ರಿಂಗ್ ಎಳೆದಾಗ ತಂತಿ ಉದ್ದ ಆಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸುತ್ತಿನೊಳಗಿನ ತಂತಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆ ಪ್ರತಿ ಸುತ್ತಿನಲ್ಲೂ ಒಂದೇ ಸಮ. ಕೊಕ್ಕೆಯ ಕತೆ ಬೇರೆ. ಅಲ್ಲಿ ತಂತಿ ಮಡಚುತ್ತದೆ, ಕಟ್ಟುವ ತಂತಿಯನ್ನು ಕೈಯಲ್ಲಿ ಬಗ್ಗಿಸಿದ ಹಾಗೆ. ಬುಡದಲ್ಲಂತೂ ಮಡಚುವುದು, ತಿರುಚುವುದು ಎರಡೂ ಒಂದೇ ಜಾಗಕ್ಕೆ ಬೀಳುತ್ತವೆ. ಅದರ ಮೇಲೆ, ಕೊಕ್ಕೆ ಎಬ್ಬಿಸಲು ಇಕ್ಕಳವೋ ಟೂಲೋ ಕಚ್ಚಿದ ಗುರುತು ಬಿದ್ದಿರುವುದೂ ಅಲ್ಲೇ. ಬಿರುಕಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ನಿಮ್ಮ ಅಳತೆಯನ್ನೇ ಲೆಕ್ಕ ಹಾಕಿ ನೋಡಿದೆ. ಹಿರಿಯರು 85 ಕೆಜಿ, ಕುರ್ಚಿ 15 ಕೆಜಿ ಅಂದುಕೊಳ್ಳೋಣ. ಒಟ್ಟು 100 ಕೆಜಿ. 5 ಮಿ.ಮೀ. ತಂತಿ, ನಡುವ್ಯಾಸ (ಹೊರವ್ಯಾಸದಲ್ಲಿ ಒಂದು ತಂತಿಯ ದಪ್ಪ ಕಳೆದದ್ದು) 35 ಮಿ.ಮೀ. ಈ ತೂಕಕ್ಕೆ ಕೊಕ್ಕೆಯ ಬಾಗಿನ ಒಳಮೈಯಲ್ಲಿ ಚದರ ಮಿಲಿಮೀಟರಿಗೆ ಸುಮಾರು 165 ಕೆಜಿ ಒತ್ತಡ ಬರುತ್ತದೆ. ಭಾರತೀಯ ಮಾನಕ ಐಎಸ್ 4454ರ ಡಿಎಚ್ ದರ್ಜೆಯ ಒಳ್ಳೆಯ ತಂತಿ ಹಾಕಿದ್ದೀರಿ ಅಂತಲೇ ಇಟ್ಟುಕೊಂಡರೂ, 5 ಮಿ.ಮೀ.ನಲ್ಲಿ ಅದು ತುಂಡಾಗುವ ಬಲ 169ರಿಂದ ಶುರು. ಕೊಕ್ಕೆಯಲ್ಲಿ ಅದರ ಮುಕ್ಕಾಲು ಪಾಲು, ಅಂದರೆ 127ರ ಹತ್ತಿರ ನಿಲ್ಲಿಸಬೇಕು ಅನ್ನುವುದು ನಮ್ಮ ವೃತ್ತಿಯ ರೂಢಿ. ಒಬ್ಬರು ಸುಮ್ನೆ ಕೂತರೇ ನಿಮ್ಮ ಕೊಕ್ಕೆ ಅಂಚಿಗೆ ಬಂದು ನಿಂತಿದೆ. ಬಾಯಿ ಬಿಟ್ಟ ಕೊಕ್ಕೆಗಳು ಹೇಳುತ್ತಿದ್ದುದೂ ಇದನ್ನೇ. ತಂತಿ ಒಂದು ದರ್ಜೆ ಕೆಳಗಿನದಾಗಿದ್ದರೆ ಲೆಕ್ಕದಲ್ಲಿ ಮಿತಿ ದಾಟಿಯೇ ಹೋಗಿರುತ್ತದೆ.

ಅದೂ ಸುಮ್ನೆ ಕೂತರೆ ಮಾತ್ರ. ತೂಗುಕುರ್ಚಿ ತೂಗುವುದಕ್ಕೇ ಇರುವುದು, ಅಲ್ವಾ? 45 ಡಿಗ್ರಿವರೆಗೆ ಜೀಕಿದರೆ ಕೆಳಗೆ ಬರುವಾಗ ತೂಕ ಒಂದೂವರೆ ಪಟ್ಟಿಗೂ ಸ್ವಲ್ಪ ಜಾಸ್ತಿ ಆಗುತ್ತದೆ. 60 ಡಿಗ್ರಿ ಆದರೆ ಎರಡು ಪಟ್ಟು. ಜೀಕದೆ, ಕಾಲಿನ ಭಾರ ಬಿಟ್ಟು ಒಮ್ಮೆಗೇ ಕುಕ್ಕರಿಸಿ ಕೂತರೂ ಎರಡು ಪಟ್ಟು. ಹಾಗಾಗಿ ಮನುಷ್ಯರನ್ನು ಹೊರುವ ಸ್ಪ್ರಿಂಗಿಗೆ ತೂಕದ ಎರಡರಷ್ಟು ಲೆಕ್ಕ ಹಿಡಿಯುವುದು ಕನಿಷ್ಠ. ಅದು ಧಾರಾಳ ಅಲ್ಲ.

ಈಗ ರಾತ್ರಿ ಬಿದ್ದ ಕುರ್ಚಿ. ಯಾರೂ ಕೂತಿರಲಿಲ್ಲ, ಹಾಕಿ ಮೂರೇ ದಿನ. ಇದನ್ನು ಓದಿದ ತಕ್ಷಣ ನನಗೆ ಅನುಮಾನ ಬಂದದ್ದು ನಿಮ್ಮ ಝಿಂಕ್ ಹೊಳಪಿನ ಮೇಲೆ. ಪ್ಲೇಟಿಂಗ್‌ಗೆ ಮುಂಚೆ ಸ್ಪ್ರಿಂಗನ್ನು ಆಸಿಡ್ಡಿನಲ್ಲಿ ಅದ್ದುತ್ತಾರೆ, ಆಮೇಲೆ ಕರೆಂಟ್ ಹಾಯಿಸುತ್ತಾರೆ. ಎರಡು ಕಡೆಯೂ ಹೈಡ್ರೋಜನ್ ಹುಟ್ಟಿ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಮೆತ್ತನೆಯ ಕಬ್ಬಿಣಕ್ಕೆ ಇದರಿಂದ ಏನೂ ಆಗುವುದಿಲ್ಲ, ನಿಮ್ಮ ಗ್ರಿಲ್ಲಿಗೆ ಎಷ್ಟು ಬೇಕಾದರೂ ಪ್ಲೇಟಿಂಗ್ ಮಾಡಿಸಿ. ಆದರೆ ಸ್ಪ್ರಿಂಗ್ ತಂತಿಯಷ್ಟು ಬಲವಾದ ಉಕ್ಕು ಹೈಡ್ರೋಜನ್ ಕುಡಿದರೆ ಗಾಜಿನ ಗುಣ ಪಡೆಯುತ್ತದೆ. ಅದೂ ತಕ್ಷಣ ಅಲ್ಲ. ಟೆಸ್ಟ್ ಮಾಡಿದರೆ ಪಾಸಾಗುತ್ತದೆ. ಭಾರ ಹೊತ್ತು ನಿಂತಾಗ ಒಳಗೊಳಗೇ ಬಿರುಕು ಬೆಳೆದು ಗಂಟೆಗಳೋ ದಿನಗಳೋ ಕಳೆದ ಮೇಲೆ ಟಕ್ಕನೆ ಹೋಗುತ್ತದೆ. ಕೊಕ್ಕೆ ಬಗ್ಗಿಸಿದಾಗಲೇ ಆ ಬಾಗಿನ ಒಳಮೈಯಲ್ಲಿ ಒಂದು ಎಳೆತ ಉಳಿದಿರುತ್ತದೆ, ಹಾಗಾಗಿ ಖಾಲಿ ಕುರ್ಚಿಯ ಭಾರವೂ ಕಡೆಗೆ ಸಾಕಾಗಬಹುದು.

ಇದು ನಾನೇ ಪೆಟ್ಟು ತಿಂದು ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಲಾಟ್ ಪ್ಲೇಟಿಂಗ್ ಸ್ಪ್ರಿಂಗುಗಳನ್ನು ಗಿರಾಕಿಗೆ ಕಳಿಸಿದ್ದೆವು. ಅವರು ಮೆಷಿನ್ನಿಗೆ ಸಿಕ್ಕಿಸಿ, ಶನಿವಾರ ಸಂಜೆ ಶೆಡ್ ಬಾಗಿಲು ಹಾಕಿ ಹೋಗಿದ್ದರು. ಸೋಮವಾರ ಬೆಳಿಗ್ಗೆ ನೋಡಿದರೆ ನೆಲದ ತುಂಬಾ ಕೊಕ್ಕೆಗಳು. ವಾಚ್‌ಮನ್ ಹೇಳಿದ್ದು ಇನ್ನೂ ನೆನಪಿದೆ: ರಾತ್ರಿಯೆಲ್ಲ ಯಾರೋ ಕಲ್ಲು ಎಸೆದ ಹಾಗೆ ಸದ್ದು ಬರುತ್ತಿತ್ತಂತೆ. ಪ್ಲೇಟಿಂಗ್ ಆದ ಮೇಲೆ ಮಾಡಬೇಕಾದ ಬೇಕಿಂಗ್ ಅನ್ನು ಯಾರೂ ಮಾಡಿರಲಿಲ್ಲ. ನಾವೂ ಕೇಳಿರಲಿಲ್ಲ.

ಬೇಕಿಂಗ್ ಅಂದರೆ ಪ್ಲೇಟಿಂಗ್ ಮುಗಿದು ಮೂರು ನಾಲ್ಕು ಗಂಟೆಯೊಳಗೆ ಸ್ಪ್ರಿಂಗುಗಳನ್ನು ಓವನ್‌ನಲ್ಲಿ 190ರಿಂದ 220 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇಟ್ಟು ಹೈಡ್ರೋಜನ್ ಹೊರಗೆ ಹೋಗಲು ಬಿಡುವುದು. ತಡವಾದರೆ ಪ್ರಯೋಜನ ಕಡಿಮೆ. ಬಿರುಕು ಬಿಟ್ಟ ಮೇಲೆ ಎಷ್ಟು ಸುಟ್ಟರೂ ಅದು ಕೂಡಿಕೊಳ್ಳುವುದಿಲ್ಲ, ಹಾಗಾಗಿ ಹಳೆಯ ಸ್ಪ್ರಿಂಗುಗಳನ್ನು ಈಗ ತಂದು ಓವನ್ನಿಗೆ ಹಾಕುವ ಯೋಚನೆ ಬಿಟ್ಟುಬಿಡಿ. ಇನ್ನೊಂದು ತೊಂದರೆ ಉಂಟು. ಟೆನ್ಷನ್ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಸಂದಿಗೆ ಆಸಿಡ್ ಹೋಗುತ್ತದೆ, ಝಿಂಕ್ ಸರಿಯಾಗಿ ಹೋಗುವುದಿಲ್ಲ. ಹೊರಗೆ ಬೆಳ್ಳಿ ಹೊಳಪು, ಒಳಗೆ ತುಕ್ಕು.

ಟೆಂಪರ್ ಮಾತಿಗೆ ಬರೋಣ. ನಮ್ಮಲ್ಲಿ ಸ್ಪ್ರಿಂಗ್ ಜೋತುಬಿದ್ದರೂ ಟೆಂಪರ್ ಹೋಯಿತು, ಮುರಿದರೂ ಟೆಂಪರ್ ಜಾಸ್ತಿ ಆಯಿತು. ಜ್ಯೋತಿಷಿಗೆ ಶನಿ ಇದ್ದ ಹಾಗೆ ನಮಗೆ ಟೆಂಪರ್. ನಿಮ್ಮದು ಮೊದಲೇ ಎಳೆದು ಗಟ್ಟಿ ಮಾಡಿದ ತಂತಿ. ಅದನ್ನು ಸುತ್ತಿದ ಮೇಲೆ ಯಾರೂ ಕೆಂಪಗೆ ಕಾಯಿಸಿ ಎಣ್ಣೆಗೆ ಹಾಕುವುದಿಲ್ಲ, ಹಾಕಲೂಬಾರದು. ಸುತ್ತುವಾಗ, ಕೊಕ್ಕೆ ಬಗ್ಗಿಸುವಾಗ ಉಳಿದ ಬಿಗಿ ಇಳಿಸಲು ಸಣ್ಣ ಶಾಖದಲ್ಲಿ ಅರ್ಧ ಗಂಟೆ ಇಡುತ್ತಾರೆ, ಅಷ್ಟೇ. ಉಕ್ಕು ಎಷ್ಟು ಗಟ್ಟಿ ಅನ್ನುವುದಕ್ಕೂ ಸ್ಪ್ರಿಂಗ್ ಎಷ್ಟು ಗಡಸು, ಅಂದರೆ ಎಳೆದರೆ ಎಷ್ಟು ಕಮ್ಮಿ ಹಿಗ್ಗುತ್ತದೆ ಅನ್ನುವುದಕ್ಕೂ ಸಂಬಂಧ ಇಲ್ಲ ಎಂದರೆ ಹಳೆಯ ಫಿಟ್ಟರ್‌ಗಳೂ ನಂಬುವುದಿಲ್ಲ. ಆದರೆ ಅದೇ ನಿಜ. ತಂತಿಯ ದಪ್ಪ, ಸುತ್ತಿನ ವ್ಯಾಸ, ಸುತ್ತುಗಳ ಲೆಕ್ಕ ಒಂದೇ ಆದರೆ ಸಾದಾ ಉಕ್ಕೂ ಸ್ಪ್ರಿಂಗ್ ಉಕ್ಕೂ ಕೆಜಿಗೆ ಇಷ್ಟು ಮಿಲಿಮೀಟರ್ ಅಂತ ಹೆಚ್ಚುಕಮ್ಮಿ ಒಂದೇ ಥರ ಹಿಗ್ಗುತ್ತವೆ. ಸಾದಾ ಉಕ್ಕು ಬೇಗ ಸೋತು ಹಿಗ್ಗಿದಲ್ಲೇ ಉಳಿದುಬಿಡುತ್ತದೆ. ವ್ಯತ್ಯಾಸ ಅಷ್ಟೇ.

ಟೆಂಪರ್ ಹೆಸರಿನಲ್ಲಿ ನಡೆಯುವ ದೊಡ್ಡ ಅಪಾಯ ಬೇರೆ ಇದೆ. ಬಾಯಿ ಬಿಟ್ಟ ಕೊಕ್ಕೆಯನ್ನು ಗ್ಯಾಸ್ ಟಾರ್ಚಿನಿಂದ ಕೆಂಪಗೆ ಮಾಡಿ ಮತ್ತೆ ಬಗ್ಗಿಸುವುದು, ಇಲ್ಲವೇ ಒಂದು ಟಾಕಾ ವೆಲ್ಡ್ ಹಾಕಿಬಿಡುವುದು. ಕಾದ ಜಾಗದ ಆಸುಪಾಸಿನಲ್ಲಿ ತಂತಿ ಒಂದು ಕಡೆ ಮೆತ್ತಗಾಗುತ್ತದೆ, ಇನ್ನೊಂದು ಕಡೆ ಪೆಡಸಾಗುತ್ತದೆ. ವೆಲ್ಡಿಂಗ್ ಮೆಷಿನ್ ನಿಮ್ಮ ಶೆಡ್ಡಿನಲ್ಲೇ ಇರುವುದರಿಂದ ಹೇಳುತ್ತಿದ್ದೇನೆ, ಸ್ಪ್ರಿಂಗಿನ ಹತ್ತಿರ ಅದನ್ನು ತರಬೇಡಿ.

ಇಬ್ಬರು ಸಪ್ಲೈಯರ್‌ಗಳ ವ್ಯತ್ಯಾಸ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಟೆನ್ಷನ್ ಸ್ಪ್ರಿಂಗ್ ಸುತ್ತುವಾಗ ತಂತಿಯನ್ನು ಸ್ವಲ್ಪ ತಿರುಚಿಕೊಂಡು ಸುತ್ತುತ್ತಾರೆ. ಅದರಿಂದ ಸುತ್ತುಗಳು ಒಂದನ್ನೊಂದು ಅಪ್ಪಿ ಹಿಡಿಯುತ್ತವೆ. ಆ ಅಪ್ಪುಗೆ ಬಿಡಿಸುವಷ್ಟು ಭಾರ ಬಿದ್ದ ಮೇಲೇ ಸ್ಪ್ರಿಂಗ್ ಹಿಗ್ಗಲು ಶುರು. ಇದನ್ನು ಇನಿಶಿಯಲ್ ಟೆನ್ಷನ್ ಅನ್ನುತ್ತಾರೆ. ಇದು ತಂತಿಯ ಜೊತೆ ಬರುವುದಲ್ಲ, ಸುತ್ತುವವನ ಸೆಟ್ಟಿಂಗಿನಿಂದ ಬರುವುದು. ಆಮೇಲೆ ಓವನ್ನಿನಲ್ಲಿ ಶಾಖ ಜಾಸ್ತಿಯಾದರೆ ಇಳಿದುಹೋಗುತ್ತದೆ. ನಿಮ್ಮ 10 ಕೆಜಿ ಸಪ್ಲೈಯರ್ ಬಹುಶಃ ಓವನ್ನಿನಲ್ಲಿ ಜಾಸ್ತಿ ಕಾಯಿಸಿದ್ದಾರೆ ಅಥವಾ ಸುತ್ತುವಾಗ ಸಡಿಲ ಬಿಟ್ಟಿದ್ದಾರೆ. ಕುರ್ಚಿಗೆ ಇದರಿಂದ ಜೀವಾಪಾಯ ಇಲ್ಲ, ಒಂದು ಸೆಂಟಿಮೀಟರ್ ಆಸುಪಾಸು ಹೆಚ್ಚು ಕಡಿಮೆ ಜೋತುಬೀಳಬಹುದು ಅಷ್ಟೇ. ಮೆಷಿನ್ನಿಗೆ ಕೊಡುವಾಗ ಮಾತ್ರ ಡ್ರಾಯಿಂಗಿನಲ್ಲಿ ಈ ಅಂಕಿ ಬರೆದೇ ಕೊಡಬೇಕು. ತಂತಿ, ವ್ಯಾಸ, ಸುತ್ತು ಮೂರೇ ಬರೆದರೆ ಉಳಿದದ್ದು ಅವರ ಇಷ್ಟ.

ಲೇತ್ ಶಾಪಿನವರು ಹೇಳಿದ 7 ಮಿ.ಮೀ. ತಂತಿ ಪೂರ್ತಿ ತಪ್ಪಲ್ಲ. ಅರ್ಧ ಸರಿ. ಅದಕ್ಕೇ ಅಪಾಯ. ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. 5ರಿಂದ 7ಕ್ಕೆ ಹೋದರೆ, ಉಳಿದದ್ದೆಲ್ಲ ಹಾಗೇ ಇದ್ದರೆ, ಸ್ಪ್ರಿಂಗ್ ಹೆಚ್ಚುಕಡಿಮೆ ನಾಲ್ಕು ಪಟ್ಟು ಗಡಸು. ಈಗ 100 ಕೆಜಿಗೆ ಎಂಟು ಸೆಂಟಿಮೀಟರ್ ಇಳಿಯುವ ಕುರ್ಚಿ ಆಮೇಲೆ ಎರಡೂವರೆ ಕೂಡ ಇಳಿಯುವುದಿಲ್ಲ. ಗಿರಾಕಿ ‘ಇದೇನು, ಕಬ್ಬಿಣದ ಸರಳಿಗೆ ಕಟ್ಟಿದ ಹಾಗಿದೆ’ ಎನ್ನುತ್ತಾನೆ. ಸುತ್ತು ಜಾಸ್ತಿ ಮಾಡಿ ಅದನ್ನು ಸರಿ ಮಾಡಬಹುದು ಅಂತಿಟ್ಟುಕೊಳ್ಳಿ. ಕೊಕ್ಕೆ ಏನಾಯಿತು ನೋಡಿ. 35 ಮಿ.ಮೀ. ನಡುವ್ಯಾಸಕ್ಕೆ 7 ಮಿ.ಮೀ. ತಂತಿ, ಎರಡು ಪಟ್ಟು ತೂಕ ಅಂದರೆ 200 ಕೆಜಿ. ಸುತ್ತುಗಳ ಮೈಯಲ್ಲಿ ಬರುವ ಒತ್ತಡ ಚದರ ಮಿಲಿಮೀಟರಿಗೆ 68 ಕೆಜಿ. ಈ ದಪ್ಪದ ತಂತಿಗೆ ತುಂಡಾಗುವ ಬಲ 153ರ ಆಸುಪಾಸು, ಮೈಗೆ ಅದರ ನೂರಕ್ಕೆ 45 ಪಾಲು ಅಂದರೆ 69ರವರೆಗೆ ಸರಿ. ಪಾಸು. ಕೊಕ್ಕೆಯಲ್ಲಿ ಬರುವುದು 127. ಬಿಡಬಹುದಾದದ್ದು 115. ಫೇಲು. ಒಂದೇ ಸ್ಪ್ರಿಂಗ್, ಮೈ ಪಾಸು, ಕೊಕ್ಕೆ ಫೇಲು.

ಹಾಗಾದರೆ ಕೊಕ್ಕೆಯನ್ನೇ ಸುಧಾರಿಸಬಹುದಾ? ಬಹುದು. ಕೊನೆಯ ಒಂದೆರಡು ಸುತ್ತನ್ನು ಕಿರಿದು ಮಾಡುತ್ತಾ ಹೋಗಿ ಸಣ್ಣ ಕೊಕ್ಕೆ ಎಬ್ಬಿಸಿದರೆ ಮಡಚುವ ಒತ್ತಡ ಇಳಿಯುತ್ತದೆ, ಆದರೆ ಬುಡದ ಬಾಗು ಗುಂಡಗಿರಬೇಕು, ಮೂಲೆ ಮುರಿದ ಹಾಗಿರಬಾರದು. ಇನ್ನೂ ಒಳ್ಳೆಯದು ಕೊಕ್ಕೆಯನ್ನೇ ತೆಗೆದುಹಾಕುವುದು. ಸ್ಪ್ರಿಂಗಿನ ತುದಿಯನ್ನು ಶಂಕುವಿನ ಹಾಗೆ ಕಿರಿದಾಗಿಸಿ, ಒಳಗಿಂದ ತಲೆ ಇರುವ ಬೋಲ್ಟ್ ಹಾಯಿಸುತ್ತಾರೆ. ಅಥವಾ ಸುತ್ತಿನ ಅಳತೆಗೇ ತಿರುಪು ಕೊರೆದ ಪ್ಲಗ್ ಒಳಗೆ ತಿರುಗಿಸಿ ಕೂರಿಸುತ್ತಾರೆ. ಮೆಷಿನ್ನುಗಳಲ್ಲಿ ಇದು ಸಾಮಾನ್ಯ. ಆದರೆ ಇದರಲ್ಲಿ ಸುತ್ತು ಎಲ್ಲಾದರೂ ಮುರಿದರೆ ಭಾರ ಕೆಳಕ್ಕೆ ಬಿದ್ದೇ ಬೀಳುತ್ತದೆ. ಟೆನ್ಷನ್ ಸ್ಪ್ರಿಂಗಿನ ಹುಟ್ಟುಗುಣ ಅದು. ಭಾರ ಇಡೀ ತಂತಿಯ ಮೂಲಕವೇ ಹಾದುಹೋಗುತ್ತದೆ, ತಂತಿ ತುಂಡಾದರೆ ದಾರಿ ತುಂಡು. ಅತಿಯಾಗಿ ಎಳೆದರೂ ಸಾಕು ನಿಲ್ಲು ಅನ್ನುವ ತಡೆ ಅದಕ್ಕಿಲ್ಲ.

ಇಲ್ಲಿಗೆ ಡ್ರಾಬಾರ್ ಸ್ಪ್ರಿಂಗ್ ಬಂತು. ಅದು ಅಸಲಿಗೆ ಟೆನ್ಷನ್ ಸ್ಪ್ರಿಂಗೇ ಅಲ್ಲ. ಒತ್ತುವ ಸ್ಪ್ರಿಂಗ್, ಅಂದರೆ ಕಂಪ್ರೆಶನ್ ಸ್ಪ್ರಿಂಗ್. ಅದರೊಳಗೆ ಕೂದಲ ಪಿನ್ನಿನ ಆಕಾರದ ಎರಡು ದಪ್ಪ ಸರಳುಗಳನ್ನು ಎದುರುಬದುರು ಹಾಯಿಸಿರುತ್ತಾರೆ. ಮೇಲಿಂದ ಬಂದ ಸರಳಿನ ಕಾಲುಗಳು ಸ್ಪ್ರಿಂಗಿನ ಕೆಳತುದಿಯನ್ನು ಕಚ್ಚಿಕೊಂಡಿರುತ್ತವೆ, ಕೆಳಗಿಂದ ಬಂದದ್ದರ ಕಾಲುಗಳು ಮೇಲ್ತುದಿಯನ್ನು. ಎರಡೂ ಕಡೆ ಎಳೆದರೆ ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಹೊರಗೆ ನೋಡುವವರಿಗೆ ಎಳೆತ, ಸ್ಪ್ರಿಂಗಿಗೆ ಒತ್ತಡ. ಇದೇನು ಹೊಸ ಬುದ್ಧಿ ಅಲ್ಲ. ಹಳೆಯ ಸ್ಕ್ರೂ ಕಪ್ಲಿಂಗ್ ರೈಲು ಬೋಗಿಗಳಲ್ಲಿ ಎಂಜಿನ್ ಕೊಕ್ಕೆ ಹಿಡಿದು ಎಳೆದಾಗ, ಬೋಗಿಯ ಚೌಕಟ್ಟಿನ ಹಿಂದೆ ಕೂತ ಸ್ಪ್ರಿಂಗು ಅದುಮಿಕೊಳ್ಳುತ್ತಿತ್ತು. ಅಷ್ಟು ಭಾರವನ್ನು ಯಾರೂ ತಂತಿಯ ಕೊಕ್ಕೆಗೆ ನಂಬಿ ಬಿಟ್ಟಿರಲಿಲ್ಲ.

ಲಾಭ ಮೂರು, ಮೂರೂ ನಿಮಗೆ ಬೇಕಾದವು. ತಂತಿಯಲ್ಲಿ ಕೊಕ್ಕೆಯೇ ಇಲ್ಲ, ಹಾಗಾಗಿ ಮಡಚುವ ಜಾಗ ಇಲ್ಲ. ಭಾರ ಮೀರಿದರೆ ಸುತ್ತುಗಳು ಒಂದರ ಮೇಲೊಂದು ಕೂತು ನಿಂತುಬಿಡುತ್ತವೆ, ಆಮೇಲಿನ ಭಾರ ಸರಳುಗಳ ಮೇಲೆ, ತಂತಿಗೆ ಇನ್ನು ಹೆಚ್ಚಿನ ಪೆಟ್ಟಿಲ್ಲ. ಮೂರನೆಯದು, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ: ಸುತ್ತು ಮುರಿದರೂ ತುಂಡುಗಳು ಸರಳಿನ ಕಾಲುಗಳ ನಡುವೆ ಸಿಕ್ಕಿಕೊಂಡೇ ಇರುತ್ತವೆ. ಕುರ್ಚಿ ಒಂದಿಷ್ಟು ಕುಸಿದು, ಸೊಟ್ಟಗಾಗಿ ನಿಲ್ಲುತ್ತದೆ. ಕೂತವರು ಬೆಚ್ಚಿಬೀಳುತ್ತಾರೆ, ಕೆಳಗೆ ಬೀಳುವುದಿಲ್ಲ. ಜೊತೆಗೆ ಇದರ ಸುತ್ತುಗಳು ಬಿಡಿಬಿಡಿ ಇರುವುದರಿಂದ ಲೇಪನ ಒಳಗೂ ತಲುಪುತ್ತದೆ. ಕಾರ್ಖಾನೆಯಲ್ಲೇ ನಾಲ್ಕಾರು ಸಲ ಪೂರ್ತಿ ಅದುಮಿ, ಜೋತುಬೀಳುವುದನ್ನೆಲ್ಲ ಮೊದಲೇ ತೆಗೆದುಬಿಡಬಹುದು.

ಆದರೆ ‘ಜನ್ಮದಲ್ಲಿ ಮುರಿಯಲ್ಲ’ ಎಂಬುದು ಮಾರಾಟಗಾರನ ಮಾತು. ಸುತ್ತು ಮುರಿಯಬಹುದು. ಸರಳಿನ ಕಾಲುಗಳು ಬಿಚ್ಚಿಕೊಳ್ಳಬಹುದು, ಅದರಲ್ಲೂ ತೆಳ್ಳನೆಯ ಸರಳನ್ನು ಗಿಡ್ಡ ಕಾಲು ಮಾಡಿ ಬಗ್ಗಿಸಿದ್ದರೆ. ಕುರ್ಚಿ ಓಲಾಡುವಾಗ ಸರಳು ಸುತ್ತಿನ ಒಳಮೈಗೆ ಉಜ್ಜಿ ಬಣ್ಣ ಹೋಗುತ್ತದೆ, ಕಿರ್ ಕಿರ್ ಸದ್ದು ಬರುತ್ತದೆ. ಸ್ಪ್ರಿಂಗ್ ಪೂರ್ತಿ ಕೂತ ಮೇಲೆ ಮೆತ್ತಗೆ ಏನೂ ಉಳಿಯುವುದಿಲ್ಲ, ಮುಂದಿನ ಪೆಟ್ಟು ನೇರ ನಿಮ್ಮ ಸ್ಲ್ಯಾಬಿನ ಹುಕ್ಕಿಗೆ. ತೆರೆದ ಸುತ್ತುಗಳ ನಡುವೆ ಮಕ್ಕಳು ಬೆರಳು ಇಟ್ಟರೆ ಜಜ್ಜುತ್ತದೆ, ಬಟ್ಟೆಯ ಚೀಲವೋ ರಬ್ಬರ್ ಕೊಳವೆಯೋ ಹೊದಿಸಲೇಬೇಕು. ಟೆನ್ಷನ್ ಸ್ಪ್ರಿಂಗಿಗೂ ಅಷ್ಟೇ, ಅದು ಹಿಗ್ಗಿ ಮತ್ತೆ ಮುಚ್ಚುವಾಗ ಕೂದಲು ಸಿಕ್ಕಿಕೊಂಡ ಉದಾಹರಣೆ ನೋಡಿದ್ದೇನೆ. ಇನ್ನು ಇದಕ್ಕೆ ಜಾಗ ಬೇಕು, ತೂಕ ಜಾಸ್ತಿ, ಇನಿಶಿಯಲ್ ಟೆನ್ಷನ್ ಇಲ್ಲದ್ದರಿಂದ ಖಾಲಿ ಇದ್ದಾಗ ಸಡಿಲವಾಗಿ ಗಡಗಡ ಅನ್ನುತ್ತದೆ. ನಿಮಿಷಕ್ಕೆ ನೂರಾರು ಸಲ ಆಡುವ ಮೆಷಿನ್ನಿಗೆ ನಾನು ಇದನ್ನು ಹಾಕುವುದಿಲ್ಲ.

ನಿಮ್ಮ ಕುರ್ಚಿಗೆ ಒಂದು ಅಳತೆ ಹೇಳುತ್ತೇನೆ, ಸ್ಪ್ರಿಂಗ್ ಮಾಡುವವರ ಹತ್ತಿರ ಕೂತು ಪರಿಶೀಲಿಸಿಕೊಳ್ಳಿ. ಡಿಎಚ್ ದರ್ಜೆಯ 7 ಮಿ.ಮೀ. ತಂತಿ, ನಡುವ್ಯಾಸ 35, ಕೆಲಸ ಮಾಡುವ ಸುತ್ತು 20, ತುದಿಯ ಸತ್ತ ಸುತ್ತು ಎರಡು. 100 ಕೆಜಿಗೆ ಮೂರೂವರೆ ಸೆಂಟಿಮೀಟರ್ ಇಳಿಯುತ್ತದೆ, 200 ಕೆಜಿಗೆ ಏಳು. ಭಾರ ಇಲ್ಲದಾಗ 225 ಮಿ.ಮೀ. ಉದ್ದ ಇಟ್ಟರೆ ಸರಿಯಾಗಿ ಆ 200ರ ಹತ್ತಿರವೇ ಸುತ್ತುಗಳು ಕೂರುತ್ತವೆ. ಆಗಲೂ ತಂತಿಯ ಒತ್ತಡ ಮೇಲೆ ಹೇಳಿದ 68, ಮಿತಿಯೊಳಗೇ. ಒಳಗೆ 28 ಮಿ.ಮೀ. ಜಾಗ ಸಿಗುತ್ತದೆ, 8 ಮಿ.ಮೀ. ಸರಳಿನ ನಾಲ್ಕು ಕಾಲುಗಳು ಅದರಲ್ಲಿ ಆರಾಮಾಗಿ ಹಿಡಿಯುತ್ತವೆ. ಕುರ್ಚಿ ಈಗಿನಷ್ಟು ಮೇಲೆ ಕೆಳಗೆ ಆಡುವುದಿಲ್ಲ, ನಿಜ. ಇನ್ನಷ್ಟು ಮೆತ್ತಗೆ ಬೇಕಾದರೆ ಸುತ್ತು ಮತ್ತು ಉದ್ದ ಎರಡನ್ನೂ ಏರಿಸಿ, ತಂತಿ ಮಾತ್ರ ತೆಳ್ಳಗೆ ಮಾಡಬೇಡಿ.

ಬೆಲೆ ಜಾಸ್ತಿ ಅನಿಸಿದರೆ ಇನ್ನೊಂದು ದಾರಿ ಉಂಟು, ಅದು ನಿಮ್ಮ ಶೆಡ್ಡಿನಲ್ಲೇ ಆಗುತ್ತದೆ. ಒಂದು ಪೈಪು, ಅದರ ತಳಕ್ಕೆ ನಡುವೆ ತೂತಿರುವ ದಪ್ಪ ಪ್ಲೇಟು, ಒಳಗೆ ಒತ್ತುವ ಸ್ಪ್ರಿಂಗ್. ಸ್ಪ್ರಿಂಗಿನ ಮೇಲೆ ವಾಷರ್. ವಾಷರಿನಿಂದ ಒಂದು ರಾಡ್ ಸ್ಪ್ರಿಂಗಿನ ನಡುವೆ ಹಾದು ತಳದ ತೂತಿನಿಂದ ಕೆಳಗಿಳಿದು ಕುರ್ಚಿ ಹಿಡಿಯುತ್ತದೆ. ತತ್ವ ಡ್ರಾಬಾರಿನದೇ, ಬೆರಳು ಸಿಕ್ಕುವ ಭಯವೂ ಇಲ್ಲ. ಆದರೆ ಇಲ್ಲಿ ಜೀವ ನಿಂತಿರುವುದು ರಾಡಿನ ಮೇಲಿನ ನಟ್ಟಿನ ಮೇಲೆ. ಓಲಾಟಕ್ಕೆ ನಟ್ ಬಿಚ್ಚಿಕೊಳ್ಳುತ್ತದೆ. ಎರಡು ನಟ್ ಹಾಕಿ, ಅಡ್ಡ ತೂತು ಕೊರೆದು ಸ್ಪ್ಲಿಟ್ ಪಿನ್ ಕೂಡ ಹಾಕಿ. ತಳದ ಪ್ಲೇಟಿನ ವೆಲ್ಡಿಂಗ್ ಸುತ್ತ ಪೂರ್ತಿ ಇರಲಿ. ಆ ವೆಲ್ಡಿಂಗ್ ಸ್ಪ್ರಿಂಗ್ ಒಳಗೆ ಹಾಕುವ ಮುಂಚೆ ಆಗಬೇಕು.

ಯಾವುದನ್ನೇ ಹಾಕಿ, ಪಕ್ಕದಲ್ಲಿ ಒಂದು ಸುರಕ್ಷತಾ ಚೈನ್ ಇರಲಿ. ನಮ್ಮ ಮನೆಗಳಲ್ಲಿ ಸೀರೆಯ ಜೋಲಿಗೆ ಸ್ಪ್ರಿಂಗ್ ಹಾಕುವವರು ಪಕ್ಕದಲ್ಲೊಂದು ಹಗ್ಗ ಇಳಿಬಿಡುವುದನ್ನು ನೋಡಿರಬಹುದು. ಯಾವ ಎಂಜಿನಿಯರೂ ಅವರಿಗೆ ಹೇಳಿಕೊಟ್ಟಿದ್ದಲ್ಲ. ಹಗ್ಗ ಇಲ್ಲದ ಜೋಲಿ ಸ್ಪ್ರಿಂಗ್ ಕಂಡರೆ, ನೆಂಟರ ಮನೆಯಾದರೂ ಸರಿ, ನಾನು ಬಾಯಿ ಬಿಟ್ಟು ಹೇಳಿಬಿಡುತ್ತೇನೆ.

ಮಾರಿದ ಕುರ್ಚಿಗಳಿಗೆ ಮಾಡಬೇಕಾದ ಮೊದಲ ಕೆಲಸವೂ ಇದೇ. ತೂಕ ಹೊರುವುದಕ್ಕೆಂದೇ ಮಾಡಿದ, ಎಷ್ಟು ಕೆಜಿ ಎಂದು ಬರೆದಿರುವ ಚೈನ್ ತನ್ನಿ. ಅದನ್ನು ಸ್ಪ್ರಿಂಗಿನ ಕೊಕ್ಕೆಗೆ ಸಿಕ್ಕಿಸಬೇಡಿ, ಮೇಲಿನ ಹುಕ್ಕಿನಿಂದ ನೇರ ಕುರ್ಚಿಯ ಬಳೆಗೆ ಹಾಕಿ. ನಿಮ್ಮ ಈಗಿನ 5 ಮಿ.ಮೀ. ಸ್ಪ್ರಿಂಗ್ 75 ಕೆಜಿ ದಾಟಬಾರದು, ಕುರ್ಚಿಯ ತೂಕವೂ ಸೇರಿ. ಹಾಗಾಗಿ ಸ್ಪ್ರಿಂಗ್ 55 ಮಿ.ಮೀ. ಹಿಗ್ಗಿದ ಕೂಡಲೇ ಚೈನ್ ಬಿಗಿಯಾಗುವಂತೆ ಉದ್ದ ಇಡಿ. ದಪ್ಪಗಿನವರು ಕೂತರೆ ಚೈನ್ ಮೇಲೆ ಕೂತಂತೆ ಆಗುತ್ತದೆ, ಆಗಲಿ. ಚೈನ್ ಜಾಸ್ತಿ ಸಡಿಲ ಬಿಟ್ಟರೆ ಸ್ಪ್ರಿಂಗ್ ಹೋದಾಗ ಬೀಳುವ ಜರ್ಕೇ ಸೊಂಟ ಮುರಿಯುತ್ತದೆ. ಚೈನ್ ಹಾಕಿದ ಮೇಲೆ ಸ್ಪ್ರಿಂಗುಗಳನ್ನು ಒಂದೊಂದಾಗಿ ಬದಲಿಸಿ. ಮೊದಲು ರಾತ್ರಿ ಬಿದ್ದ ಸ್ಪ್ರಿಂಗಿನ ಲಾಟ್, ಆಮೇಲೆ ಕೊಕ್ಕೆ ಬಾಯಿ ಬಿಟ್ಟವು, ಕೊನೆಗೆ ಉಳಿದವು. ಹೋದಾಗ ಸ್ಲ್ಯಾಬಿನ ಹುಕ್ಕನ್ನೂ ನೋಡಿಬನ್ನಿ. ಸ್ಪ್ರಿಂಗ್ ಸರಿ ಮಾಡಿ, ಮೇಲೆ ಸವೆದ ಎಸ್ ಹುಕ್ ಬಿಟ್ಟು ಬಂದರೆ ಏನು ಬಂತು?

ಹೊಳಪಿನ ಆಸೆ ಇದ್ದರೆ ಡ್ರಾಬಾರಿನ ಬಿಡಿ ಸುತ್ತುಗಳಿಗೆ ಪೌಡರ್ ಕೋಟಿಂಗ್ ಚೆನ್ನಾಗಿ ಹಿಡಿಯುತ್ತದೆ. ಝಿಂಕ್ ಫ್ಲೇಕ್ ಅನ್ನುವ ಲೇಪನವೂ ಇದೆ, ಕರೆಂಟ್ ಹಾಯಿಸದೆ ಮಾಡುವುದು. ಆಸಿಡ್ಡಿನಲ್ಲೂ ಅದ್ದದೆ ಮರಳು ಹೊಡೆದು ಶುಚಿ ಮಾಡಿದರೆ ಹೈಡ್ರೋಜನ್ ಭಯ ಇಲ್ಲ. ಕಾರವಾರ, ಮಂಗಳೂರು ಕಡೆಗೆ ಕಳಿಸುವುದಾದರೆ ಸ್ಟೇನ್‌ಲೆಸ್ ಯೋಚಿಸಿ, ಆದರೆ ಅದೇ ದಪ್ಪಕ್ಕೆ ಅದರ ಬಲ ಕಡಿಮೆ. ಲೆಕ್ಕ ಹೊಸದಾಗಿ ಹಾಕಬೇಕು.

ಎಲ್ಲ ಟೆನ್ಷನ್ ಸ್ಪ್ರಿಂಗೂ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಟ್ರ್ಯಾಕ್ಟರ್ ಕಲ್ಟಿವೇಟರ್ ನೋಡಿ. ಒಂದೊಂದು ಕಾಲಿಗೆ ಎರಡು ದಪ್ಪ ಸ್ಪ್ರಿಂಗ್, ಮೊದಲೇ ಬಿಗಿ ಕೊಟ್ಟು ಕೂರಿಸಿರುತ್ತಾರೆ. ಕಲ್ಲೋ ಬೇರೋ ತಾಗಿದಾಗ ಕಾಲು ಹಿಂದಕ್ಕೆ ಬಾಗಿ ದಾಟಿಕೊಳ್ಳುತ್ತದೆ. ಒಂದು ಹೋದರೂ ಇನ್ನೊಂದು ಇದೆ, ಅದರ ಕೆಳಗೆ ಯಾರೂ ಕೂತಿಲ್ಲ. ಬೈಕಿನ ಸೈಡ್ ಸ್ಟ್ಯಾಂಡಿಗೂ ಹಲವು ಕಂಪನಿಗಳು ಒಂದರೊಳಗೊಂದು ಎರಡು ಸ್ಪ್ರಿಂಗ್ ಹಾಕುವುದು ಇದೇ ಲೆಕ್ಕಕ್ಕೆ. ಸ್ಪ್ರಿಂಗ್ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ: ಇದು ಮುರಿದ ಆ ಕ್ಷಣ ಏನಾಗುತ್ತದೆ? ಕೆಲಸ ನಿಲ್ಲುತ್ತದೆ ಅಂತಾದರೆ ಟೆನ್ಷನ್ ಸ್ಪ್ರಿಂಗ್ ಸಾಕು. ಮನುಷ್ಯ ಬೀಳುತ್ತಾನೆ ಅಂತಾದರೆ ಬೇಡ.

ಅದಕ್ಕೇ ನಿಮ್ಮ ಪ್ರೆಸ್ಸಿನ ಪೆಡಲ್ ನನಗೆ ಕುರ್ಚಿಗಿಂತ ಜಾಸ್ತಿ ಚಿಂತೆ ತಂದಿದೆ. ಅದರ ಸ್ಪ್ರಿಂಗ್ ತುಂಡಾದರೆ ಪೆಡಲ್ ಮೇಲೆ ಬರುವುದಿಲ್ಲ. ಕ್ಲಚ್ ಬಿಡುವುದಿಲ್ಲ. ರಾಮ್ (ಪ್ರೆಸ್ಸಿನಲ್ಲಿ ಮೇಲಿಂದ ಇಳಿದು ಒತ್ತುವ ಭಾಗ) ಎರಡನೇ ಸಲ ಇಳಿಯುತ್ತದೆ, ಕೈ ಡೈ (ಅಚ್ಚು) ಒಳಗೆ ಇರುವಾಗ. ಅಮೆರಿಕದ ಪವರ್ ಪ್ರೆಸ್ ಸುರಕ್ಷತಾ ನಿಯಮದಲ್ಲಿ ಇಂಥ ಕ್ಲಚ್ಚುಗಳ ಸ್ಪ್ರಿಂಗ್ ಒತ್ತುವ ಬಗೆಯದೇ ಆಗಿರಬೇಕು, ರಾಡಿನ ಮೇಲೋ ಕೊಳವೆಯ ಒಳಗೋ ಕೂತಿರಬೇಕು, ಮುರಿದರೆ ತುಂಡುಗಳು ಒಂದರೊಳಗೊಂದು ಹೊಕ್ಕು ಕುಸಿಯಬಾರದು ಎಂದು ಸ್ಪಷ್ಟವಾಗಿ ಬರೆದಿದೆ. ಸುತ್ತುಗಳ ನಡುವಿನ ಸಂದಿ ತಂತಿಯ ದಪ್ಪಕ್ಕಿಂತ ಕಿರಿದಾಗಿದ್ದರೆ ತುಂಡುಗಳು ಹಾಗೆ ಹೊಗುವುದಿಲ್ಲ. ನಿಮ್ಮ ಪೆಡಲನ್ನೂ ಹಾಗೇ ಮಾಡಿಸಿ, ಪ್ರೆಸ್ ರಿಪೇರಿ ಗೊತ್ತಿರುವವರ ಕೈಯಲ್ಲೇ. ಅಲ್ಲಿವರೆಗೆ ಪ್ರೆಸ್ ಮೇನ್ ಸ್ವಿಚ್ ಆಫ್ ಇರಲಿ.

ಮುರಿದ ಎರಡು ಸ್ಪ್ರಿಂಗುಗಳನ್ನು ಬಿಸಾಡಬೇಡಿ. ಮುರಿದ ಬಾಯಿಯನ್ನು ಒರೆಸುವುದು, ಗ್ರೈಂಡ್ ಮಾಡುವುದು, ಎರಡು ತುಂಡು ಜೋಡಿಸಿ ನೋಡುವುದು ಬೇಡ. ಸ್ವಲ್ಪ ಎಣ್ಣೆ ಹಾಕಿ ಕಾಗದದಲ್ಲಿ ಬೇರೆ ಬೇರೆ ಸುತ್ತಿಡಿ. ಭೂತಗನ್ನಡಿಯಲ್ಲಿ ನೋಡಿದರೆ ದಣಿದು ಮುರಿದದ್ದರಲ್ಲಿ ಒಂದು ಮೂಲೆ ನುಣುಪಾಗಿ ಕಾಣುತ್ತದೆ, ಹೈಡ್ರೋಜನ್‌ನಿಂದ ಹೋದದ್ದು ಸಕ್ಕರೆ ಹರಳಿನ ಹಾಗೆ ಮಿನುಗಬಹುದು. ಖಚಿತವಾಗಿ ಹೇಳಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಜೊತೆಗೆ ಪ್ಲೇಟಿಂಗ್ ಬಿಲ್ಲುಗಳನ್ನು ಹುಡುಕಿ, ಯಾವ ತಾರೀಖಿನ ಲಾಟ್ ಯಾವ ಮನೆಗೆ ಹೋಗಿದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಫೋನ್ ಮಾಡಲು ಶುರುಮಾಡಿ.